ಗಣಕಯಂತ್ರ ಏಳುವ ಹೊತ್ತು

ವಾಲ್ವಿನ ರೇಡಿಯೊ ಇದ್ದ ಮನೆಯಲ್ಲಿ ಬೆಳೆದವರಿಗೆ ಕಾಯುವುದು ಗೊತ್ತು. ಗುಂಡಿ ತಿರುವಿದ ಕೂಡಲೇ ಆ ಪೆಟ್ಟಿಗೆ ಮಾತನಾಡುತ್ತಿರಲಿಲ್ಲ. ಮೊದಲು ಮುಖಫಲಕದ ದೀಪ ಹೊತ್ತಿಕೊಳ್ಳುವುದು. ಬಳಿಕ ಗಾಜಿನ ಬುರುಡೆಗಳೊಳಗಿನ ತಂತಿ ಮೆಲ್ಲಮೆಲ್ಲನೆ ಕೆಂಪೇರುವುದು. ಅರ್ಧ ನಿಮಿಷದ ಹೊತ್ತಿಗೆ ಗುಂಯ್ ಎಂಬ ಒಂದು ನಾದ ಹುಟ್ಟಿ, ಅದರೊಳಗಿನಿಂದ ಧಾರವಾಡ ಆಕಾಶವಾಣಿಯ ಧ್ವನಿ ಮೂಡಿ ಬರುವುದು. ಆದ್ದರಿಂದಲೇ ಮನೆಯ ಹಿರಿಯರು ವಾರ್ತೆಗೆ ಎರಡು ನಿಮಿಷ ಮುಂಚಿತವಾಗಿಯೇ ಗುಂಡಿ ತಿರುವಿ ಕೂರುತ್ತಿದ್ದರು. ವಾಲ್ವಿನೊಳಗಿನ ಋಣಧ್ರುವ ಕಾದ ಹೊರತು ಅದರಿಂದ ಎಲೆಕ್ಟ್ರಾನುಗಳು ಹೊರಡವು. ಅವು ಹೊರಡದೆ ಧ್ವನಿಯಿಲ್ಲ. ೧೯೪೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. ೧೯೫೪ರಲ್ಲಿ ಅದನ್ನು ಅಳವಡಿಸಿದ ಜೇಬು ರೇಡಿಯೊ ಪೇಟೆಗೆ ಬಂದಿತು. ಅಲ್ಲಿಂದಾಚೆಗೆ ಗುಂಡಿ ಒತ್ತುವುದಕ್ಕೂ ಹಾಡು ಕೇಳುವುದಕ್ಕೂ ನಡುವೆ ಅಂತರವಿಲ್ಲದಾಯಿತು.

ಗಣಕಯಂತ್ರದ ಚರಿತ್ರೆ ಮಾತ್ರ ಇದಕ್ಕೆ ತಿರುಗುಮುರುಗಾಗಿ ನಡೆಯಿತೆಂಬುದೇ ಸ್ವಾರಸ್ಯ. ಮನೆಗೆ, ಶಾಲೆಗೆ ಮೊದಮೊದಲು ಬಂದ ಗಣಕಗಳು ಒಂದೇ ಉಸಿರಿನಲ್ಲಿ ಎದ್ದು ಕೂರುತ್ತಿದ್ದವು. ಆಮೇಲೆ ಬಂದವು, ಅವುಗಳಿಗಿಂತ ಸಾವಿರ ಪಾಲು ಬಲಶಾಲಿಗಳಾಗಿದ್ದರೂ, ಎರಡು ನಿಮಿಷ ಮೂರು ನಿಮಿಷ ಮೈಮುರಿಯತೊಡಗಿದವು. ಹೀಗೇಕಾಯಿತು? ಬಲ ಹೆಚ್ಚಿದಂತೆ ಸೋಮಾರಿತನವೂ ಹೆಚ್ಚಬೇಕೆ? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ನಮ್ಮ ಊರುಗಳಲ್ಲಿ ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಬೇಸಗೆಯಲ್ಲಿ ವಿದ್ಯುತ್ತು ಹೋಗಿ ಬಂದಷ್ಟು ಸಲವೂ ಗಣಕವನ್ನು ಹೊಸದಾಗಿ ಎಬ್ಬಿಸಬೇಕು. ಎಬ್ಬಿಸಿದಷ್ಟು ಸಲವೂ ಶಾಲೆಯ ಮಕ್ಕಳು, ಕಚೇರಿಯ ಕಿಟಕಿಯ ಮುಂದೆ ನಿಂತ ರೈತರು, ಬ್ಯಾಂಕಿನ ಸಾಲಿನಲ್ಲಿರುವ ಮುದುಕರು, ಎಲ್ಲರೂ ಕಾಯಬೇಕು.

ಮೊದಲು ಒಂದು ಮೂಲ ಸಂಗತಿಯನ್ನು ತಿಳಿಯೋಣ. ಗಣಕಯಂತ್ರ ಆದೇಶವಿಲ್ಲದೆ ಏನನ್ನೂ ಮಾಡದು. ಆದೇಶಗಳನ್ನು ತಟ್ಟೆಯಿಂದ ಓದಿಕೊಳ್ಳಬೇಕೆಂದರೆ, 'ತಟ್ಟೆಯಿಂದ ಓದು' ಎಂಬ ಆದೇಶವೇ ಮೊದಲು ಒಳಗೆ ಇರಬೇಕು! ಬೀಜ ಮೊದಲೋ ವೃಕ್ಷ ಮೊದಲೋ ಎಂಬಂತಹ ಈ ತೊಡಕಿಗೆ ಆಂಗ್ಲರು, ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆತ್ತಿ ಮೇಲೇಳುವವನ ಉಪಮೆ ಕೊಟ್ಟರು. ಇಂದು ಮಕ್ಕಳ ಬಾಯಲ್ಲಿಯೂ ಇರುವ 'ಬೂಟ್ ಆಗುವುದು' ಎಂಬ ಮಾತು ಬಂದದ್ದು ಅಲ್ಲಿಂದ. ಕಾಲಿಗೆ ಕೆರ ಮೆಟ್ಟುವ ನಾಡಿಗೆ ಈ ಬೂಟಿನ ಉಪಮೆ ಅಷ್ಟಾಗಿ ಹಿಡಿಸದು. ನಮ್ಮ ಸೀಮೆಯ ದೊಡ್ಡ ತೇರುಗಳನ್ನು ಎಳೆದವರಿಗೆ ಬೇರೊಂದು ಚಿತ್ರ ಕಣ್ಣಿಗೆ ಕಟ್ಟುತ್ತದೆ: ಸಾವಿರ ಕೈ ಹಗ್ಗ ಹಿಡಿದರೂ ನಿಂತ ಗಾಲಿ ತಾನಾಗಿ ಹೊರಳದು, ಹಿಂದಿನಿಂದ ಸನ್ನೆಗೋಲು ಕೊಟ್ಟು ಮೀಟಿದರೆ ಮಾತ್ರ ಮೊದಲ ಅಂಗುಲ ಕದಲುತ್ತದೆ. ಗಣಕಕ್ಕೂ ಇಂತಹ ಒಂದು ಸನ್ನೆಗೋಲು ಬೇಕು. ೧೯೭೫ರಲ್ಲಿ ಬಂದ ಆಲ್ಟೇರ್ ಎಂಬ ಪುಟ್ಟ ಗಣಕದಲ್ಲಿ ಆ ಸನ್ನೆಗೋಲನ್ನು ಕೊಡುತ್ತಿದ್ದವನು ಮನುಷ್ಯನೇ. ಮುಂದಿನ ಫಲಕದ ಕೀಲುಗಳನ್ನು ಒಂದೊಂದಾಗಿ ಮೇಲೆ ಕೆಳಗೆ ಮಾಡಿ ಮೊದಲ ಆದೇಶಗಳನ್ನು ಅವನು ಕೈಯಾರೆ ಬರೆಯಬೇಕಾಗಿತ್ತು.

ಮುಂದೆ ಆ ಆದೇಶಗಳನ್ನು ಅಳಿಯದ ಒಂದು ಚಿಪ್ಪಿನಲ್ಲಿ ಕೆತ್ತಿಟ್ಟರು. ಭಾರತ ಸರ್ಕಾರ ೧೯೮೪ರಲ್ಲಿ 'ಕ್ಲಾಸ್' ಎಂಬ ಹೆಸರಿನಿಂದ ಶಾಲೆಗಳಿಗೆ ಗಣಕ ಪರಿಚಯದ ಯೋಜನೆಯೊಂದನ್ನು ತಂದಿತಷ್ಟೆ. ಮೊದಲು ೨೫೦ ಶಾಲೆಗಳು ಅದರಲ್ಲಿದ್ದವು. ಆ ಶಾಲೆಗಳಿಗೆ ಬಂದದ್ದು ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ ರೂಪಿಸಿದ 'ಬಿಬಿಸಿ ಮೈಕ್ರೊ' ಎಂಬ ಗಣಕ. ಓದುಗರು ಗಮನಿಸಬೇಕು, ಆ ಗಣಕದ ಹೆಸರಿನಲ್ಲಿಯೇ ಒಂದು ಬಾನುಲಿ ಸಂಸ್ಥೆಯಿದೆ. ಆ ಸಂಸ್ಥೆ ನಡೆಸಿದ ಗಣಕ ಶಿಕ್ಷಣದ ಕಾರ್ಯಕ್ರಮಗಳಿಗಾಗಿಯೇ ಅದು ತಯಾರಾಯಿತು. ಗುಂಡಿ ಒತ್ತಿದರೆ ಎರಡು ಸ್ವರದಲ್ಲಿ ಕೂಗಿ, ಮರುಕ್ಷಣ ಸಿದ್ಧವಾಗಿ ನಿಲ್ಲುತ್ತಿತ್ತು. ಅದರೊಳಗೆ ಯಾವ ಯಾವ ಅವಯವಗಳಿವೆಯೆಂಬುದು ಕಟ್ಟಿದವರಿಗೆ ಮೊದಲೇ ತಿಳಿದಿತ್ತು. ಹೊಸದಾಗಿ ಹುಡುಕುವುದು ಏನೂ ಇರಲಿಲ್ಲ. ತನ್ನ ಮನೆಯಲ್ಲಿ ತಾನು ಎದ್ದವನು ದೀಪದ ಗುಂಡಿ ಎಲ್ಲಿದೆಯೆಂದು ತಡಕಾಡುವುದುಂಟೆ?

ಐ.ಬಿ.ಎಂ. ಸಂಸ್ಥೆ ೧೯೮೧ರ ಆಗಸ್ಟಿನಲ್ಲಿ ಹೊರತಂದ 'ಪರ್ಸನಲ್ ಕಂಪ್ಯೂಟರ್' ಈ ಸ್ಥಿತಿಯನ್ನು ಬದಲಾಯಿಸಿತು. ಅದು ಬಾಗಿಲು ತೆರೆದಿಟ್ಟ ಮನೆ. ಯಾರು ಬೇಕಾದರೂ ಹೊಸ ಫಲಕ ತಯಾರಿಸಿ ಅದರ ಬೆನ್ನಿನಲ್ಲಿ ಸಿಕ್ಕಿಸಬಹುದಾಗಿತ್ತು. ಹೀಗಾಗಿ ಒಳಗೆ ಏನಿದೆಯೆಂಬುದು ಯಂತ್ರಕ್ಕೇ ಗೊತ್ತಿಲ್ಲ. ಪ್ರತಿಸಲ ಎದ್ದಾಗಲೂ ಅದು ಮೈ ತಡವಿ ನೋಡಿಕೊಳ್ಳಬೇಕು. ಚಿಪ್ಪಿನಲ್ಲಿ ಕೂತ 'ಬಯೋಸ್' ಎಂಬ ಮೂಲ ಆದೇಶಾವಳಿ ಮೊದಲು ನೆನಪಿನ ಕೋಶಗಳನ್ನು ಎಣಿಸಬೇಕು, ಕೀಲಿಮಣೆ ಇದೆಯೇ ಎಂದು ಕೇಳಬೇಕು, ತಟ್ಟೆಗಳನ್ನು ಮಾತನಾಡಿಸಬೇಕು. ೧೯೮೩ರಲ್ಲಿ ಬಂದ ಡಾಸ್ ಎರಡನೆಯ ಆವೃತ್ತಿಯಲ್ಲಿ, ಹೊಸ ಸಾಧನ ತಂದವನು ಅದರ ಆದೇಶಾವಳಿಯನ್ನೂ ಜೊತೆಗೆ ತಂದು ಒಂದು ಕಡತದಲ್ಲಿ ಅದರ ಹೆಸರು ಬರೆದರೆ, ಗಣಕ ಏಳುವಾಗ ಅದನ್ನು ಕರೆದುಕೊಳ್ಳುವ ಏರ್ಪಾಡಾಯಿತು. ಇದಕ್ಕೆ ಆಂಗ್ಲರು 'ಡ್ರೈವರ್' ಎನ್ನುತ್ತಾರೆ. ಕನ್ನಡದಲ್ಲಿ 'ಚಾಲಕ ತಂತ್ರಾಂಶ' ಎಂದು ರೂಢಿ. ಚಾಲಕನೆಂದರೆ ನಮಗೆ ಬಸ್ಸಿನವನ ನೆನಪು ಬರುವುದರಿಂದ, ನನ್ನನ್ನು ಕೇಳಿದರೆ 'ಮಾವುತ' ಎಂಬ ಮಾತೇ ಹೆಚ್ಚು ಒಪ್ಪುತ್ತದೆ. ಆನೆಯ ಮೇಲೆ ಕೂತ ಅರಸನಿಗೆ ಆನೆಯ ಭಾಷೆ ಬಾರದು. 'ಮುಂದೆ ನಡೆಯಲಿ' ಎಂದಷ್ಟೇ ಅವನು ಹೇಳುತ್ತಾನೆ. ಕಿವಿಯ ಹಿಂದೆ ಕಾಲ್ಬೆರಳಿನಿಂದ ಎಲ್ಲಿ ಒತ್ತಬೇಕೆಂಬುದು ಮಾವುತನ ವಿದ್ಯೆ. ಹಾಗೆಯೇ ಗಣಕದ ಕಾರ್ಯವ್ಯವಸ್ಥೆ 'ಅಚ್ಚು ಮಾಡು' ಎನ್ನುತ್ತದೆ. ಈ ಮುದ್ರಣಯಂತ್ರಕ್ಕೆ ಅದನ್ನು ಹೇಗೆ ಹೇಳಬೇಕೆಂಬುದನ್ನು ಬಲ್ಲವನು ಅದರ ಚಾಲಕ.

ಕನ್ನಡಿಗರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲುವುದು ಉಚಿತ. ನಮ್ಮ ಅಕ್ಷರಗಳೇ ಒಂದು ಕಾಲಕ್ಕೆ ಗಣಕದೊಳಗೆ ಯಂತ್ರಭಾಗದ ರೂಪದಲ್ಲಿ ಪ್ರವೇಶಿಸಿದವು. ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ, ೧೯೮೮ರಲ್ಲಿ ಸ್ಥಾಪನೆಯಾದ ಪುಣೆಯ ಸಿಡ್ಯಾಕ್ ಸಂಸ್ಥೆಯಲ್ಲಿ ಬೆಳೆದ 'ಜಿಸ್ಟ್' ತಂತ್ರಜ್ಞಾನ ಒಂದು ಫಲಕದ ರೂಪದಲ್ಲಿ ದೊರೆಯುತ್ತಿತ್ತು. ಅದನ್ನು ಗಣಕದ ಒಳಗೆ ಸಿಕ್ಕಿಸಿದರೆ, ಆಂಗ್ಲ ಅಕ್ಷರಗಳಷ್ಟನ್ನೇ ಬಲ್ಲ ಯಂತ್ರದ ತೆರೆಯ ಮೇಲೆ ಕನ್ನಡವೂ ದೇವನಾಗರಿಯೂ ತಮಿಳೂ ಮೂಡುತ್ತಿದ್ದವು. ಒತ್ತಕ್ಷರ ಎಲ್ಲಿ ಕೂರಬೇಕು, ಕೊಂಬು ಎಲ್ಲಿ ತಿರುಗಬೇಕು ಎಂಬ ಕಾಗುಣಿತದ ಕೆಲಸವನ್ನೆಲ್ಲ ಆ ಫಲಕವೇ ಮಾಡುತ್ತಿತ್ತು. ಕನ್ನಡಕ್ಕೇ ಒಂದು ಆನೆ, ಅದಕ್ಕೊಬ್ಬ ಮಾವುತ! ೧೯೯೧ರಲ್ಲಿ ಯುನಿಕೋಡ್ ಎಂಬ ಜಾಗತಿಕ ಸಂಕೇತಕೋಶದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತರೂ, ಸಾಮಾನ್ಯ ಗಣಕಗಳೊಳಗೆ ಅದು ನೆಲೆಗೊಳ್ಳಲು ಹತ್ತು ಹನ್ನೆರಡು ವರ್ಷಗಳೇ ಬೇಕಾದವು. ನೆಲೆಗೊಂಡ ಮೇಲೆ ಕನ್ನಡಕ್ಕೆ ಪ್ರತ್ಯೇಕ ಫಲಕ ಬೇಡವಾಯಿತು. ಇದು ವಿಷಯಾಂತರವೇ ಸರಿ. ಪಂಡಿತ ಪರೀಕ್ಷೆ ಮಾಡಿದವನಿಗೆ ಅಕ್ಷರದ ಮಾತು ಬಂದರೆ ನಾಲಗೆ ಸುಮ್ಮನಿರದು.

ಇನ್ನು ತಡದ ಕಾರಣಕ್ಕೆ ಬರೋಣ. ಗಣಕ ಏಳುವಾಗ ತಡವಾದರೆ, 'ಪಾಪ, ಹಳೆಯ ಯಂತ್ರ, ಲೆಕ್ಕ ಮಾಡಲು ಹೊತ್ತು ಹಿಡಿಯುತ್ತದೆ' ಎಂದು ನಾವೆಲ್ಲ ತಿಳಿಯುತ್ತೇವೆ. ಎಷ್ಟೋ ಸಲ ನಿಜ ಹಾಗಿರುವುದಿಲ್ಲ. ಆ ಹೊತ್ತಿನಲ್ಲಿ ಯಂತ್ರ ಏನನ್ನೂ ಲೆಕ್ಕ ಮಾಡುತ್ತಿರುವುದಿಲ್ಲ; ಸುಮ್ಮನೆ ಕೂತಿರುತ್ತದೆ. ಯಾರದೋ ಉತ್ತರಕ್ಕಾಗಿ ಕಾಯುತ್ತಿರುತ್ತದೆ. ಆ ಯಾರೋ ಎಂಬವನು ಒಮ್ಮೊಮ್ಮೆ ಇರುವುದೇ ಇಲ್ಲ!

ಇಲ್ಲದವನಿಗಾಗಿ ಏಕೆ ಕಾಯಬೇಕು ಎಂದರೆ, ಇಲ್ಲವೆಂಬುದನ್ನು ತಿಳಿಯುವುದು ಇದೆಯೆಂಬುದನ್ನು ತಿಳಿಯುವುದಕ್ಕಿಂತ ಕಷ್ಟ. ನಮ್ಮ ಪೂರ್ವಿಕರು ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ನೆಲದ ಮೇಲೆ ಗಡಿಗೆ ಇದ್ದರೆ ಕಣ್ಣಿಗೆ ಕಾಣುತ್ತದೆ, ಅದು ಪ್ರತ್ಯಕ್ಷ. ಗಡಿಗೆ ಇಲ್ಲವೆಂಬುದು ತಿಳಿಯುವುದು ಯಾವ ಪ್ರಮಾಣದಿಂದ? ಕಾಣದಿರುವಿಕೆಯೇ ಅದಕ್ಕೆ ಪ್ರಮಾಣ ಎಂದು ಕುಮಾರಿಲ ಭಟ್ಟನ ಮತದ ಮೀಮಾಂಸಕರು ಹೇಳಿ, ಅದಕ್ಕೆ 'ಅನುಪಲಬ್ಧಿ' ಎಂದು ಹೆಸರಿಟ್ಟು ಆರನೆಯ ಪ್ರಮಾಣವನ್ನಾಗಿ ಒಪ್ಪಿದರು. ಆದರೆ ಒಂದು ಷರತ್ತು: ಇದ್ದಿದ್ದರೆ ಖಂಡಿತವಾಗಿ ಕಾಣಬೇಕಾಗಿತ್ತು ಎಂಬಂತಹ ಸಂದರ್ಭ ಇರಬೇಕು. ಕತ್ತಲೆಯಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ಹೇಳಲಾಗದು. ಅದಕ್ಕಾಗಿ 'ಯೋಗ್ಯಾನುಪಲಬ್ಧಿ' ಎಂಬ ಮಾತು.

ಚಾಲಕ ತಂತ್ರಾಂಶದ ಸಂಕಟ ಅಕ್ಷರಶಃ ಇದೇ. ಅದು ತಂತಿಯ ಮೇಲೆ 'ಇದ್ದೀಯಾ?' ಎಂದು ಕೂಗುತ್ತದೆ. ಇದ್ದ ಸಾಧನ 'ಇದ್ದೇನೆ' ಎಂದೀತು. ಇಲ್ಲದ ಸಾಧನ 'ನಾನಿಲ್ಲ' ಎನ್ನಲಾರದು. ಮೌನವೊಂದೇ ಉತ್ತರ. ಆದರೆ ನಿಧಾನವಾಗಿ ಉತ್ತರಿಸುವ ಸಾಧನವೂ ಮೊದಲ ಕೆಲವು ಕ್ಷಣ ಮೌನವಾಗಿಯೇ ಇರುತ್ತದೆ. ತಿರುಗುವ ತಟ್ಟೆಯೊಂದು ನಿಂತಲ್ಲಿಂದ ಪೂರ್ಣ ವೇಗಕ್ಕೆ ಬರಲು ಹಲವು ಸೆಕೆಂಡು ಬೇಕು. ಬೇಗನೆ ಬೇಸತ್ತು ಮುಂದೆ ಹೋದರೆ ಇರುವ ಸಾಧನವನ್ನೇ ಇಲ್ಲವೆಂದು ಸಾರಿದಂತಾಯಿತು. ಆದಕಾರಣ ಚಾಲಕವನ್ನು ಬರೆದವನು, ಲೋಕದಲ್ಲಿರುವ ಆ ಜಾತಿಯ ಸಾಧನಗಳಲ್ಲೆಲ್ಲ ಅತಿ ಮಂದವಾದುದು ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಂಡೀತೋ ಅಷ್ಟು ಹೊತ್ತು ಕಾಯುವಂತೆ ವಿಧಿಸುತ್ತಾನೆ. ಒಂದು ಸಲ ಮೌನವಾದರೆ ಮತ್ತೊಮ್ಮೆ, ಮಗುದೊಮ್ಮೆ ಕೂಗುವಂತೆಯೂ ಹೇಳಿರುತ್ತಾನೆ. ಅವನದು ತಪ್ಪೆನ್ನುವಂತಿಲ್ಲ. ದುಡಿಯುವ ಸಾಧನವುಳ್ಳವನಿಗೆ ಆ ತಾಳ್ಮೆ ವರ. ಸಾಧನವೇ ಇಲ್ಲದವನಿಗೆ ಅದು ಶಾಪ.

ಇದಕ್ಕೆ ಅತ್ಯುತ್ತಮ ನಿದರ್ಶನ ಫ್ಲಾಪಿ ತಟ್ಟೆ. ಐ.ಬಿ.ಎಂ. ಸಂಸ್ಥೆ ೧೯೭೧ರಲ್ಲಿ ಇದನ್ನು ಪೇಟೆಗೆ ತಂದಾಗ ಇದರ ಅಗಲ ಎಂಟು ಅಂಗುಲ. ೧೯೭೬ರಲ್ಲಿ ಐದೂಕಾಲು ಅಂಗುಲವಾಯಿತು. ಆಮೇಲೆ ಮೂರೂವರೆ ಅಂಗುಲದ, ಗಟ್ಟಿ ಕವಚದ ತಟ್ಟೆ ಬಂದು ಜಗತ್ತನ್ನೆಲ್ಲ ಆಳಿತು. ಅದರ ಮೇಲೆ '೧.೪೪' ಎಂಬ ಅಂಕಿಯಿರುವುದನ್ನು ಶತಮಾನದ ತಿರುವಿನಲ್ಲಿ ಗಣಕ ಕಲಿತವರೆಲ್ಲ ನೋಡಿದ್ದಾರೆ. ೧೯೯೮ರಲ್ಲಿ ಆಪಲ್ ಸಂಸ್ಥೆ ಫ್ಲಾಪಿ ಇಲ್ಲದ ಗಣಕ ತಂದಾಗ ಹಲವರು ನಕ್ಕರು. ೨೦೧೧ರಲ್ಲಿ ಸೋನಿ ಸಂಸ್ಥೆ ಜಪಾನಿನಲ್ಲಿ ಅದರ ಮಾರಾಟವನ್ನೇ ನಿಲ್ಲಿಸಿತು. ತಟ್ಟೆ ಹೋಯಿತು, ಅದನ್ನು ತೂರಿಸುವ ಪೆಟ್ಟಿಗೆಯೂ ಹೋಯಿತು. ಆದರೆ ಗಣಕದ ಮೂಲಫಲಕದ ಮೇಲೆ ಅದನ್ನು ಆಳುವ ಚಿಪ್ಪೂ, ಬಯೋಸಿನೊಳಗೆ ಅದರ ಚಾಲಕವೂ ಇನ್ನೂ ಹಲವು ವರ್ಷ ಉಳಿದುಕೊಂಡವು. ಅರಸನಿಲ್ಲದ ಊರಿನಲ್ಲಿ ಓಲಗದವರು ಉಳಿದಂತೆ.

ಇಲ್ಲಿ ಒಂದು ಪುಟ್ಟ ಬಿಲ್ಲೆಯ ಪಾತ್ರ ಬರುತ್ತದೆ. ೧೯೮೪ರಲ್ಲಿ ಬಂದ ಐ.ಬಿ.ಎಂ. 'ಎಟಿ' ಮಾದರಿಯಲ್ಲಿ, ಗಡಿಯಾರವನ್ನೂ ಯಂತ್ರದ ಅಂಗಾಂಗಗಳ ಪಟ್ಟಿಯನ್ನೂ ನೆನಪಿಟ್ಟುಕೊಳ್ಳುವ ಚಿಪ್ಪೊಂದನ್ನು ಇಟ್ಟರು. ವಿದ್ಯುತ್ತು ಇಲ್ಲದಾಗ ಅದರ ಜೀವ ಹಿಡಿದಿಡಲು ಒಂದು ಬ್ಯಾಟರಿ. ಈಗಿನ ಗಣಕಗಳಲ್ಲಿ ಅದು ನಾಣ್ಯದ ಗಾತ್ರದ ಬಿಲ್ಲೆ. ಗಣಕದ ತಂತಿ ಗೋಡೆಯ ಪ್ಲಗ್ಗಿನಲ್ಲಿರುವವರೆಗೆ ಆ ಬಿಲ್ಲೆಗೆ ಕೆಲಸ ಕಡಮೆ. ಏಪ್ರಿಲ್‌ ಮೇ ತಿಂಗಳ ರಜೆಯಲ್ಲಿ, ಸಿಡಿಲಿನ ಭಯದಿಂದ ಎಲ್ಲ ತಂತಿಗಳನ್ನೂ ಕಿತ್ತಿಟ್ಟು ಶಾಲೆಯ ಕೋಣೆಗೆ ಬೀಗ ಹಾಕಿದಾಗ ಪೂರ್ತಿ ಭಾರ ಅದರ ಮೇಲೆ ಬೀಳುತ್ತದೆ. ನಾಲ್ಕಾರು ವರ್ಷ ಹೀಗೆ ದುಡಿದ ಬಿಲ್ಲೆ ಒಂದು ಬೇಸಗೆಯಲ್ಲಿ ಸೋತುಬಿಡುತ್ತದೆ. ಆಗ ಚಿಪ್ಪಿನ ನೆನಪು ಅಳಿಯುತ್ತದೆ. ಗಣಕ ತನ್ನನ್ನು ಕಟ್ಟಿದವರು ಕೊಟ್ಟ ಮೂಲ ಪಟ್ಟಿಗೇ ಹಿಂದಿರುಗುತ್ತದೆ. ಆ ಮೂಲ ಪಟ್ಟಿಯಲ್ಲಿ ಅನೇಕ ಗಣಕಗಳಲ್ಲಿ ಏನಿರುತ್ತದೆ ಬಲ್ಲಿರಾ? '೧.೪೪ ಫ್ಲಾಪಿ, ಇದೆ' ಎಂದು!

ನಮ್ಮ ಸೀಮೆಯ ಒಂದು ಪ್ರೌಢಶಾಲೆಯ ಗಣಕ ಕೊಠಡಿಯಲ್ಲಿ ನಾನು ಇದನ್ನು ಕಣ್ಣಾರೆ ಕಂಡೆ. ಹತ್ತು ಗಣಕಗಳು, ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಅವುಗಳಲ್ಲಿ ಏಳು ಏಳಲು ನಾಲ್ಕು ನಿಮಿಷ ತೆಗೆದುಕೊಳ್ಳತೊಡಗಿದವು. ನಲವತ್ತು ನಿಮಿಷದ ಅವಧಿಯಲ್ಲಿ ನಾಲ್ಕು ನಿಮಿಷವೆಂದರೆ ಹತ್ತರಲ್ಲೊಂದು ಪಾಲು. ನಡುವೆ ವಿದ್ಯುತ್ತು ಒಮ್ಮೆ ಹೋಗಿ ಬಂದರೆ ಹತ್ತರಲ್ಲಿ ಎರಡು. ವಾರಕ್ಕೆ ಒಂದೇ ಅವಧಿ ಸಿಗುವ ಎಂಟನೆಯ ತರಗತಿಯ ಮಗುವಿಗೆ ಇದು ಸಣ್ಣ ನಷ್ಟವಲ್ಲ. ನೋಡಲು ಬಂದ ಗುತ್ತಿಗೆಯವರು, ಯಂತ್ರಗಳಿಗೆ ವಯಸ್ಸಾಯಿತು, ಇವನ್ನು ನಿರುಪಯುಕ್ತವೆಂದು ಬರೆದು ಹೊಸದನ್ನು ಕೇಳಿರಿ ಎಂದು ಒಂದೇ ಮಾತಿನಲ್ಲಿ ತೀರ್ಪಿತ್ತು ಚಹ ಕುಡಿದು ಹೋದರು. ಮುಖ್ಯೋಪಾಧ್ಯಾಯರು ಕಾಗದವನ್ನೂ ಸಿದ್ಧಪಡಿಸಿದ್ದರು.

ಆ ಕಾಗದ ಮೇಲಿನ ಕಚೇರಿಗೆ ಹೋಗುವ ಮೊದಲು, ವಿಜ್ಞಾನದ ಮೇಷ್ಟ್ರೂ ನಾನೂ ಒಂದು ಸಂಜೆ ಆ ಕೊಠಡಿಯಲ್ಲಿ ಕೂತೆವು. ಗುಂಡಿ ಒತ್ತಿದ ಕೂಡಲೇ ಕರಿಯ ತೆರೆಯ ಮೇಲೆ ಒಂದು ಆಂಗ್ಲ ವಾಕ್ಯ ಬಂದು ನಿಲ್ಲುತ್ತಿತ್ತು: ನೆನಪಿನ ಮೊತ್ತ ತಾಳೆಯಾಗಲಿಲ್ಲ, ಮೂಲ ಪಟ್ಟಿಯನ್ನು ತಂದಿಟ್ಟಿದ್ದೇನೆ, ಮುಂದುವರಿಯಲು ಎಫ್-ಒಂದು ಒತ್ತಿರಿ ಎಂಬುದು ಅದರ ಭಾವ. ಹುಡುಗರು ಅದನ್ನು ಓದದೆ ಒತ್ತುತ್ತಿದ್ದರು. ಅಲ್ಲಿಂದ ಮುಂದಕ್ಕೆ ಲಿನಕ್ಸ್ ಕಾರ್ಯವ್ಯವಸ್ಥೆ ಏಳಬೇಕು. ಲಿನಕ್ಸಿನಲ್ಲಿ ಒಂದು ಒಳ್ಳೆಯ ಗುಣವಿದೆ, ಏಳುವಾಗ ನಡೆದುದನ್ನೆಲ್ಲ ಅದು ದಿನಚರಿಯಂತೆ ಬರೆದಿಡುತ್ತದೆ. ಪ್ರತಿ ಸಾಲಿನ ಎಡಕ್ಕೆ, ಲಿನಕ್ಸ್ ಏಳತೊಡಗಿ ಎಷ್ಟು ಸೆಕೆಂಡಾಯಿತೆಂಬ ಅಂಕಿ. ಸಾಲುಗಳು ಒಂದರ ಹಿಂದೊಂದು ನೂರರ ಲೆಕ್ಕದಲ್ಲಿ ಓಡಿ, ಒಂದೆಡೆ ಅಂಕಿ ಒಮ್ಮೆಲೇ ಹನ್ನೆರಡು ಹಾರಿತ್ತು, ಮುಂದಿನ ಸಾಲಿನಲ್ಲಿ ಮತ್ತೆ ಹನ್ನೆರಡು, ಮತ್ತೆ ಹನ್ನೆರಡು. ಹಾರಿದಲ್ಲೆಲ್ಲ 'ಎಫ್‌ಡಿ ಸೊನ್ನೆ ಓದಲಾಗಲಿಲ್ಲ' ಎಂಬ ದೂರು. ಎಫ್‌ಡಿ ಎಂದರೆ ಫ್ಲಾಪಿ. ಆ ಗಣಕಗಳಿಗೆ ಹುಟ್ಟಿದಂದಿನಿಂದ ಫ್ಲಾಪಿಯೇ ಇಲ್ಲ! ಇದೆಯೆಂದು ಬಯೋಸು ಹೇಳಿತು, ಲಿನಕ್ಸು ನಂಬಿತು, ಕೂಗಿತು, ಕಾಯಿತು. ಬಿಲ್ಲೆ ಬದಲಿಸಿ, ಪಟ್ಟಿಯಲ್ಲಿ ಫ್ಲಾಪಿಯ ಎದುರಿಗೆ 'ಇಲ್ಲ' ಎಂದು ಬರೆದು, ಗಡಿಯಾರ ಸರಿಮಾಡಿದೆವು. ಏಳು ಬಿಲ್ಲೆಗಳ ಖರ್ಚು ಕೊಟ್ಟೂರಿನಲ್ಲಿ ಒಂದು ಮನೆಯವರೆಲ್ಲ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದಷ್ಟೂ ಆಗಲಿಲ್ಲ. ಗಣಕಗಳು ಒಂದು ನಿಮಿಷದೊಳಗೆ ಏಳತೊಡಗಿದವು. ಕಾಗದ ಕಪಾಟಿನಲ್ಲಿ ಉಳಿಯಿತು.

ಲಿನಕ್ಸಿನ ಹೆಸರು ಬಂದುದರಿಂದ ಅದರ ಚರಿತ್ರೆಯಲ್ಲಿಯೇ ಇರುವ ಇನ್ನೊಂದು ಪ್ರಕರಣವನ್ನು ಹೇಳಬೇಕು. ತಡದ ವಿಚಾರದಲ್ಲಿ ಅದಕ್ಕಿಂತ ಬೋಧಪ್ರದವಾದುದು ಬೇರೆ ಇಲ್ಲ. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ೧೯೯೧ರಲ್ಲಿ ಈ ವ್ಯವಸ್ಥೆಯ ತಿರುಳನ್ನು ಬರೆದ. ಆ ತಿರುಳಿನೊಳಗೆ ಚಾಲಕಗಳನ್ನು ಇರಿಸಲು ಎರಡು ಮಾರ್ಗ. ಒಂದು, ತಿರುಳಿನಲ್ಲಿಯೇ ಬೆಸೆದುಬಿಡುವುದು. ಇನ್ನೊಂದು, ಬೇರೆಯಾಗಿ ತಟ್ಟೆಯಲ್ಲಿಟ್ಟು ಬೇಕಾದಾಗ ಕರೆಸಿಕೊಳ್ಳುವುದು. ಮೊದಲನೆಯದು ಮನೆಯ ಮಗನಂತೆ, ಕರೆಯದೆ ಎಲ್ಲರಿಗಿಂತ ಮೊದಲು ಎದ್ದಿರುತ್ತದೆ, ಹೊರಗೆ ಹಾಕಲು ಬಾರದು. ಎರಡನೆಯದು ಆಳು, ಬಾ ಎಂದರೆ ಬಂದಾನು, ಬೇಡವೆಂದರೆ ಇಲ್ಲ. ತಟ್ಟೆಯ ಚಾಲಕವನ್ನು ಬೆಸೆಯುವುದು ನ್ಯಾಯವೇ. ತಟ್ಟೆಯನ್ನು ಓದುವ ಚಾಲಕ ತಟ್ಟೆಯೊಳಗೇ ಇದ್ದರೆ ಅದನ್ನು ತರುವವರಾರು?

ತೊಡಕು ಹುಟ್ಟಿದ್ದು ಬೇರೆ ಜಾತಿಯ ಸಾಧನಗಳಿಂದ. ತಂತಿಯಿಲ್ಲದೆ ಜಾಲಕ್ಕೆ ಸೇರಿಸುವ ಫಲಕ, ಚಿತ್ರ ಮೂಡಿಸುವ ಫಲಕ ಮುಂತಾದ ಅನೇಕ ಸಾಧನಗಳು ತಮ್ಮೊಳಗೂ ಒಂದು ಪುಟ್ಟ ಗಣಕವನ್ನು ಇಟ್ಟುಕೊಂಡಿರುತ್ತವೆ. ಅದಕ್ಕೂ ಆದೇಶಾವಳಿ ಬೇಕು. ಅದರ ಹೆಸರು ಫರ್ಮ್‌ವೇರ್. ಅಗ್ಗಕ್ಕಾಗಿ ತಯಾರಕರು ಅದನ್ನು ಸಾಧನದಲ್ಲಿಡದೆ, ಚಾಲಕವೇ ಪ್ರತಿಸಲ ತಟ್ಟೆಯಿಂದ ತಂದು ಉಣಿಸಲಿ ಎಂದು ಬಿಟ್ಟರು. ಅಂತಹ ಸಾಧನದ ಚಾಲಕವನ್ನು ಯಾರಾದರೂ ತಿರುಳಿನಲ್ಲಿ ಬೆಸೆದಿಟ್ಟರೆನ್ನಿ. ಬೆಳಗಾಗುವ ಮೊದಲೇ ಎದ್ದ ಆ ಚಾಲಕ, 'ನನ್ನ ಸಾಧನಕ್ಕೆ ಉಣಿಸು ಕೊಡಿ' ಎಂದು ಕೇಳುತ್ತದೆ. ಉಣಿಸು ಇರುವುದು ತಟ್ಟೆಯ ಕಡತದಲ್ಲಿ. ತಟ್ಟೆಯ ಬಾಗಿಲು ತೆರೆಯುವುದು ಈ ಚಾಲಕದ ಸರದಿ ಮುಗಿದ ಮೇಲೆ. ಸರದಿ ಮುಗಿಯಬೇಕಾದರೆ ಉಣಿಸು ಬರಬೇಕು. ಪೆಟ್ಟಿಗೆಗೆ ಬೀಗ ಹಾಕಿ ಕೈಯನ್ನು ಪೆಟ್ಟಿಗೆಯೊಳಗೇ ಬಿಟ್ಟ ಹಾಗಾಯಿತು. ಬಹುಕಾಲ ಲಿನಕ್ಸಿನಲ್ಲಿ ಇಂತಹ ಕೇಳಿಕೆಗೆ ಗೊತ್ತುಮಾಡಿದ ಗಡುವು ಅರವತ್ತು ಸೆಕೆಂಡು. ಆ ಅರವತ್ತು ಸೆಕೆಂಡು ಕಳೆದು, ಚಾಲಕ ಆಶೆ ಬಿಟ್ಟು, ಗಣಕ ಮುಂದೆ ಸಾಗುತ್ತಿತ್ತು. ಕೂತವನಿಗೆ ಕಾಣುವುದು ಕರಿಯ ತೆರೆ ಮಾತ್ರ. ಯಾರಿಗೂ ದೋಷದ ಸುಳಿವಿಲ್ಲ. ಯಂತ್ರ ಬಲು ನಿಧಾನ ಎಂಬ ಅಪವಾದವಷ್ಟೆ.

೨೦೧೨ರಲ್ಲಿ ಇದು ದೊಡ್ಡ ವಾದಕ್ಕೆ ಬಂದಿತು. ತಿರುಳು ಕೇಳಿದ ಫರ್ಮ್‌ವೇರನ್ನು ತಂದುಕೊಡುವ ಕೆಲಸ ಆಗ 'ಯೂಡೆವ್' ಎಂಬ ಹೊರಗಿನ ಪರಿಚಾರಕ ತಂತ್ರಾಂಶದ್ದಾಗಿತ್ತು. ಅದರ ನಡೆಯಲ್ಲಿ ಆದ ಬದಲಾವಣೆಯಿಂದ ಕರೆಸಿಕೊಂಡ ಚಾಲಕಗಳೂ ಕಾಯತೊಡಗಿದವು. ತಪ್ಪು ಯಾರದು, ಕೇಳಿದವನದೋ ತಂದುಕೊಡದವನದೋ? ಮಾತಿಗೆ ಮಾತು ಬೆಳೆಯಿತು. ಕಡೆಗೆ ಟೋರ್ವಾಲ್ಡ್ಸನೇ ಆ ವರ್ಷದ ಅಕ್ಟೋಬರಿನಲ್ಲಿ ಪರಿಚಾರಕನನ್ನು ಬದಿಗಿರಿಸಿ, ತಿರುಳೇ ನೇರವಾಗಿ ತಟ್ಟೆಯಿಂದ ಓದಿಕೊಳ್ಳುವಂತೆ ಬರೆದ. ಡಿಸೆಂಬರಿನಲ್ಲಿ ಬಂದ ೩.೭ನೆಯ ಆವೃತ್ತಿಯಲ್ಲಿ ಅದು ಸೇರಿತು. ಮುಂದೆ ಪರಿಚಾರಕನನ್ನು ಪೂರ್ತಿಯಾಗಿ ಕೈಬಿಟ್ಟ ವ್ಯವಸ್ಥೆಗಳಲ್ಲಿ, ಕಡತ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಒಡನೆ 'ಇಲ್ಲ' ಎಂಬ ಉತ್ತರ. 'ಇಲ್ಲ' ಎಂದು ಬೇಗ ಹೇಳುವುದೂ ಒಂದು ಉಪಕಾರವೆಂದು ಕಚೇರಿಗಳಿಗೆ ಅಲೆದ ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇದಕ್ಕೆ ನಾಲ್ಕು ವರ್ಷ ಮೊದಲೇ, ೨೦೦೮ರ ಸೆಪ್ಟೆಂಬರಿನಲ್ಲಿ, ಇಂಟೆಲ್ ಸಂಸ್ಥೆಯ ಆರ್ಯನ್ ವ್ಯಾನ್ ಡಿ ವೆನ್ ಮತ್ತು ಔಕೆ ಕಾಕ್ ಎಂಬಿಬ್ಬರು ಅಮೆರಿಕದ ಪೋರ್ಟ್‌ಲೆಂಡಿನಲ್ಲಿ ನೆರೆದ ಲಿನಕ್ಸ್ ಬಲ್ಲವರ ಮುಂದೆ ಒಂದು ಅಗ್ಗದ ಪುಟ್ಟ ಗಣಕವನ್ನಿಟ್ಟು, ಅದು ಐದು ಸೆಕೆಂಡಿನಲ್ಲಿ ಏಳುವುದನ್ನು ತೋರಿಸಿದ್ದರು. ಅವರು ಹಿಡಿದ ದಾರಿ ಗಮನಾರ್ಹ. ಇರುವುದನ್ನು ಸ್ವಲ್ಪ ಸ್ವಲ್ಪ ಚುರುಕುಗೊಳಿಸಲು ಹೊರಡದೆ, ಐದು ಸೆಕೆಂಡನ್ನು ಮನೆಖರ್ಚಿನಂತೆ ಮೊದಲೇ ಹಂಚಿಟ್ಟರು: ತಿರುಳಿಗೆ ಒಂದು, ಆರಂಭದ ಸೇವೆಗಳಿಗೆ ಒಂದು, ಚಿತ್ರತೆರೆಗೆ ಒಂದು, ಮೇಜಿನ ನೋಟಕ್ಕೆ ಎರಡು. ಯಾರೂ ತಮ್ಮ ಪಾಲು ಮೀರುವಂತಿಲ್ಲ. ಒಂದು ಚಾಲಕ ಕಾಯುತ್ತಿರುವಾಗ ಉಳಿದವು ಸಾಲಿನಲ್ಲಿ ನಿಲ್ಲದೆ ತಮ್ಮ ಕೆಲಸ ನಡೆಸಿಕೊಳ್ಳಲಿ ಎಂಬ ತತ್ತ್ವ ಮರುವರ್ಷ ತಿರುಳಿನ ಅಂಗವಾಯಿತು. ಅನ್ನಕ್ಕೆ ಎಸರಿಟ್ಟು ಅದು ಕುದಿಯುವವರೆಗೆ ಕೈಕಟ್ಟಿ ಕೂರುವ ಗೃಹಿಣಿ ಯಾರಿದ್ದಾಳೆ? ಅಷ್ಟರಲ್ಲಿ ಸೊಪ್ಪು ಸೋಸಿರುತ್ತಾಳೆ. ಅಡುಗೆಮನೆಯಲ್ಲಿ ಎಂದಿನಿಂದಲೋ ಇದ್ದ ಈ ವಿವೇಕ ಗಣಕದ ತಿರುಳಿಗೆ ಬರಲು ೨೦೦೯ರವರೆಗೆ ಕಾಯಬೇಕಾಯಿತು.

ನಮ್ಮ ಬೆಂಗಳೂರಿನ ಒಂದು ಯಂತ್ರವನ್ನೂ ಇಲ್ಲಿ ನೆನೆಯಬೇಕು. ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ರೂಪಿಸಿದ 'ಸಿಂಪ್ಯೂಟರ್', ಅಂಗೈ ಗಾತ್ರದ ಗಣಕ. ಲಿನಕ್ಸ್ ಮೇಲೆ ನಡೆಯುತ್ತಿತ್ತು. ಭಾರತ್ ಎಲೆಕ್ಟ್ರಾನಿಕ್ಸ್ ಕೂಡಿ ೨೦೦೪ರಲ್ಲಿ ಅದನ್ನು 'ಅಮಿಡ' ಎಂಬ ಹೆಸರಿನಲ್ಲಿ ಪೇಟೆಗೆ ತಂದಿತು. ಹಳ್ಳಿಯವನ ಕೈಗೆ ಗಣಕ ಕೊಡಬೇಕೆಂಬ ಆ ಹಿರಿಯಾಸೆ ಪೇಟೆಯಲ್ಲಿ ಗೆಲ್ಲಲಿಲ್ಲ. ಆದರೆ ಅಂಗೈ ಯಂತ್ರಗಳ ಜಾತಿಯ ಗುಣವನ್ನು ಅದು ಮೊದಲೇ ತೋರಿತು: ಒಳಗಿರುವುದು ಇಷ್ಟೇ ಎಂದು ಕಟ್ಟಿದವನಿಗೆ ಗೊತ್ತಿರುವ ಯಂತ್ರಕ್ಕೆ ಬೆಸೆದ ಚಾಲಕಗಳೇ ಸಲ್ಲುತ್ತವೆ. ಬೆಸೆಯುವುದು ದೋಷವಲ್ಲ, ಗೊತ್ತಿಲ್ಲದೆ ಬೆಸೆಯುವುದು ದೋಷ.

ತಾಲ್ಲೂಕು ಕಚೇರಿಗಳ ಮಾತೂ ಇದರೊಂದಿಗೆ ಸೇರುತ್ತದೆ. ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ೨೦೦೦ದ ಸುಮಾರಿಗೆ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು. ಆಗ ಒಂದು ಪ್ರತಿಗೆ ೧೫ ರೂಪಾಯಿ. ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕದ ಜಾಗದಲ್ಲಿ ಹಡಗಲಿಯ ರೈತನಿಗೂ ಹರಪನಹಳ್ಳಿಯ ರೈತನಿಗೂ ಕಿಟಕಿಯಲ್ಲಿ ಅಚ್ಚಾದ ಹಾಳೆ ದೊರೆಯತೊಡಗಿತು. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲಿಯೇ ಇತ್ತು. ಹರಪನಹಳ್ಳಿ ೧೯೯೭ರಿಂದ ದಾವಣಗೆರೆ ಜಿಲ್ಲೆ, ೨೦೧೮ರಲ್ಲಿ ಮರಳಿ ಬಳ್ಳಾರಿ, ೨೦೨೧ರಿಂದ ವಿಜಯನಗರ. ಒಂದೇ ಹೊಲ ಕದಲದೆ ಮೂರು ಜಿಲ್ಲೆ ಸುತ್ತಿ ಬಂದಿತು! ಆ ಯೋಜನೆಯ ಒಂದು ವಿಶೇಷವೆಂದರೆ, ದಾಖಲೆ ತಿದ್ದುವ ಅಧಿಕಾರಿ ಗುಪ್ತಪದ ಹೇಳಿದರೆ ಸಾಲದು, ಬೆರಳಿನ ಗುರುತು ಕೊಡಬೇಕು. ಬೆರಳು ಓದುವ ಆ ಪುಟ್ಟ ಸಾಧನವೂ ಒಂದು ಆನೆಯೇ. ಅದಕ್ಕೂ ಒಬ್ಬ ಮಾವುತ ಬೇಕು. ಇಂದು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ಅಕ್ಕಿ ಪಡೆಯುವ ಮುದುಕಿಗೂ, ಆ ಸಾಧನಕ್ಕೂ ನಡುವೆ ಕಣ್ಣಿಗೆ ಕಾಣದೆ ನಿಂತವನು ಅವನೇ. ಅವನು ಅರ್ಧ ನಿಮಿಷ ತಡೆದರೆ ಹಿಂದಿನ ಸಾಲು ಅರ್ಧ ನಿಮಿಷ ಬಿಸಿಲಿನಲ್ಲಿ ನಿಲ್ಲುತ್ತದೆ.

ಕೊನೆಗೆ ಮನೆಗಳಲ್ಲಿ ವಿಂಡೋಸ್ ಇರಿಸಿಕೊಂಡ ಓದುಗರಿಗೆ ಒಂದು ಸಂಗತಿ. ೨೦೧೨ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಂಟರಿಂದ ಈಚೆಗೆ, ನೀವು 'ಶಟ್ ಡೌನ್' ಎಂಬುದನ್ನು ಒತ್ತಿದಾಗ ಗಣಕ ಪೂರ್ತಿಯಾಗಿ ಆರುವುದಿಲ್ಲ. ನಿಮ್ಮ ಕೆಲಸಗಳನ್ನು ಮುಚ್ಚಿ, ತಿರುಳಿನ ಮತ್ತು ಚಾಲಕಗಳ ಅಂದಿನ ಸ್ಥಿತಿಯನ್ನು ಹಾಗೆಯೇ ತಟ್ಟೆಯ ಮೇಲೆ ಬರೆದಿಟ್ಟು ಮಲಗುತ್ತದೆ. ಮರುದಿನ ಎದ್ದಾಗ ಮೈ ತಡವಿಕೊಳ್ಳದೆ, ಬರೆದಿಟ್ಟುದನ್ನು ಓದಿಕೊಂಡು ಬೇಗನೆ ಸಿದ್ಧವಾಗುತ್ತದೆ. ಆದ್ದರಿಂದ ಅದು ಬೇಗ ಏಳುವುದನ್ನು ಕಂಡು ಚಾಲಕಗಳೆಲ್ಲ ಚೆನ್ನಾಗಿವೆಯೆಂದು ತಿಳಿಯುವಂತಿಲ್ಲ. ಯಾವುದಾದರೊಂದು ಚಾಲಕ ಕೆಟ್ಟ ಸ್ಥಿತಿಯಲ್ಲಿ ಸಿಕ್ಕಿಬಿದ್ದಿದ್ದರೆ ಅದೇ ಸ್ಥಿತಿ ಮರುದಿನವೂ ಎದ್ದು ಬರಬಹುದು. 'ರೀಸ್ಟಾರ್ಟ್' ಎಂಬುದನ್ನು ಒತ್ತಿದರೆ ಮಾತ್ರ ಅದು ಎಲ್ಲ ಸಾಧನಗಳನ್ನೂ ಮೊದಲಿನಿಂದ ಕೂಗಿ ಕರೆಯುತ್ತದೆ. ಒಮ್ಮೆ ಹಾಗೆ ಮಾಡಿ, ಕೈಗಡಿಯಾರ ಹಿಡಿದು ಎಣಿಸಿ ನೋಡಿರಿ. ಎರಡೂ ಸಲದ ಅಂತರ ಬಹಳವೆನಿಸಿದರೆ, ಗಣಕಕ್ಕೆ ಅಂಟಿಸಿದ ಮುದ್ರಣಯಂತ್ರ, ಕ್ಯಾಮರಾ ಮೊದಲಾದುವನ್ನು ಒಂದೊಂದಾಗಿ ಕಿತ್ತು ಮತ್ತೆ ಎಣಿಸಿರಿ. ಯಾವುದನ್ನು ಕಿತ್ತಾಗ ಎಣಿಕೆ ತಟ್ಟನೆ ಇಳಿಯಿತೋ, ತಡದ ಮೂಲವನ್ನು ಮೊದಲು ಹುಡುಕಬೇಕಾದದ್ದು ಅಲ್ಲಿಯೇ.